ನೋವು–ಬಾವಿಗೆ ಗುದದಲ್ಲಿ ಇಡುವ ಗುಳಿಗೆ: ಅಡ್ಡಪರಿಣಾಮ ಅರಿತು ಬಳಸೋಣ



ಬೆಳಗಿನ ಜಾವ ಎದ್ದು ಸಗಣಿ ಬಾಚುವುದು, ಹುಲ್ಲಿನ ಹೊರೆ ಹೊರುವುದು, ಕುಕ್ಕರುಗಾಲಿನಲ್ಲಿ ಕುಳಿತು ಹಾಲು ಕರೆಯುವುದು, ಕ್ಯಾನು ಎತ್ತಿ ಸಂಘಕ್ಕೆ ಒಯ್ಯುವುದು – ನಮ್ಮ ಕಸುಬಿನ ಈ ಕೆಲಸಗಳೆಲ್ಲ ಸೊಂಟ, ಮಂಡಿ, ಹೆಗಲುಗಳ ಮೇಲೆ ಭಾರ ಹಾಕುವಂಥವು. ಆದುದರಿಂದ ನೋವಿನ ಮಾತ್ರೆ ಇಲ್ಲದ ಉತ್ಪಾದಕರ ಮನೆ ಅಪರೂಪವೆಂದೇ ಹೇಳಬೇಕು. ಈ ಮಾತ್ರೆಗಳ ಜೊತೆಗೆ ಇನ್ನೊಂದು ಬಗೆಯ ಔಷಧಿಯೂ ಹಳ್ಳಿಯ ಮನೆಗಳಿಗೆ ಬಂದು ಸೇರಿದೆ. ಸಿಜೇರಿಯನ್ ಹೆರಿಗೆಯಾದವರಿಗೆ, ಮೂತ್ರದ ಕಲ್ಲಿನ ನೋವಿನಿಂದ ಒದ್ದಾಡುವವರಿಗೆ, ಶಸ್ತ್ರಚಿಕಿತ್ಸೆ ಆದವರಿಗೆ ಆಸ್ಪತ್ರೆಯಲ್ಲಿ ಗುದದ್ವಾರದಲ್ಲಿ ಇಡುವ ಮೇಣದಂಥ ಗುಳಿಗೆ ಕೊಡುತ್ತಾರೆ. ಸಪೊಸಿಟರಿ ಎಂದು ಚೀಟಿಯಲ್ಲಿ ಬರೆಯುವುದು ಇದನ್ನೇ. ಉಳಿದ ಗುಳಿಗೆಗಳು ಮನೆಗೆ ಬರುತ್ತವೆ. ಮುಂದೆ ಯಾರಿಗೋ ಸೊಂಟ ಹಿಡಿದಾಗ ಹೊರಗೆ ಬರುತ್ತವೆ.

"ಇದು ಬಾಯಿಂದ ಹೋಗುವುದಿಲ್ಲ. ಹಾಗಾಗಿ ಹೊಟ್ಟೆಗೆ ಏನೂ ಆಗುವುದಿಲ್ಲ. ಎಷ್ಟು ಇಟ್ಟುಕೊಂಡರೂ ತೊಂದರೆಯಿಲ್ಲ" ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಈ ಮಾತಿನಲ್ಲಿ ಮೊದಲ ವಾಕ್ಯ ಮಾತ್ರ ನಿಜ. ಉಳಿದೆರಡು ನಿಜವಲ್ಲ. ಏಕೆ ನಿಜವಲ್ಲ ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ. ಇದೇ ಔಷಧಿ ಕೊಟ್ಟಿಗೆಗೆ ಬಂದರೆ ಏನಾಗುತ್ತದೆ ಎಂಬುದನ್ನೂ ಕೊನೆಯ ಭಾಗದಲ್ಲಿ ತಿಳಿಯೋಣ.

ಬಾವು ಎಂದರೇನು? ಔಷಧಿ ಮಾಡುವುದೇನು?

ಹಸುವಿಗೆ ಕೆಚ್ಚಲು ಬಾವು ಬಂದುದನ್ನು ನೆನಪಿಸಿಕೊಳ್ಳಿ. ಕೆಚ್ಚಲು ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ, ಮುಟ್ಟಿದರೆ ಹಸು ಒದೆಯುತ್ತದೆ. ಕೆಂಪು, ಬಿಸಿ, ಊತ, ನೋವು – ಈ ನಾಲ್ಕೂ ಸೇರಿದರೆ ಅದೇ ಬಾವು, ಅಂದರೆ ಉರಿಯೂತ. ನಮ್ಮ ಮಂಡಿ ಊದಿದಾಗಲೂ ಆಗುವುದು ಇದೇ.

ಬಾವು ಬರುವ ಜಾಗದಲ್ಲಿ ದೇಹವು ಪ್ರೊಸ್ಟಾಗ್ಲಾಂಡಿನ್ ಎಂಬ ಪದಾರ್ಥಗಳನ್ನು ತಯಾರಿಸುತ್ತದೆ. ಈ ಹೆಸರು ನಮಗೆ ಹೊಸದೇನಲ್ಲ. ಬೆದೆಗೆ ಬಾರದ ಹಸುವಿಗೆ ಪಶುವೈದ್ಯರು ಕೊಡುವ ಇಂಜೆಕ್ಷನ್ನುಗಳಲ್ಲಿ ಒಂದು ಇದೇ ಗುಂಪಿಗೆ ಸೇರಿದ್ದು. ಪ್ರೊಸ್ಟಾಗ್ಲಾಂಡಿನ್ ಗುಂಪಿನಲ್ಲಿ ಹಲವು ಬಗೆಗಳಿವೆ. ದೇಹದಲ್ಲಿ ಒಂದೊಂದಕ್ಕೂ ಒಂದೊಂದು ಕೆಲಸ. ಕೆಲವು ನೋವು, ಜ್ವರ, ಊತಗಳನ್ನು ತರುತ್ತವೆ. ಇನ್ನು ಕೆಲವು ಜಠರದ ಒಳಗೋಡೆಗೆ ಲೋಳೆಯ ಹೊದಿಕೆ ಹಾಸಿ, ಅಲ್ಲಿನ ಹುಳಿರಸ ಗೋಡೆಯನ್ನು ಸುಡದಂತೆ ಕಾಯುತ್ತವೆ. ಮತ್ತೆ ಕೆಲವು ಮೂತ್ರಪಿಂಡಗಳಿಗೆ ಹೋಗುವ ರಕ್ತನಾಳಗಳನ್ನು ಹಿಗ್ಗಿಸಿಟ್ಟು ರಕ್ತದ ಹರಿವು ಕಡಿಮೆಯಾಗದಂತೆ ನೋಡಿಕೊಳ್ಳುತ್ತವೆ.

ಡೈಕ್ಲೊಫೆನಾಕ್, ಇಂಡೊಮೆಥಾಸಿನ್, ಐಬುಪ್ರೊಫೆನ್, ಅಸೆಕ್ಲೊಫೆನಾಕ್, ಕೀಟೊಪ್ರೊಫೆನ್, ಮೆಲಾಕ್ಸಿಕಾಮ್, ಆಸ್ಪಿರಿನ್ – ಇವೆಲ್ಲ ಸ್ಟಿರಾಯ್ಡ್ ಅಲ್ಲದ ಬಾವು ನಿವಾರಕ ಔಷಧಿಗಳು. ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನೇ ತಡೆದು ಇವು ನೋವು ಇಳಿಸುತ್ತವೆ. ಈ ಗುಟ್ಟನ್ನು 1971ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ವಿಜ್ಞಾನಿ ಜಾನ್ ವೇನ್. 1982ರಲ್ಲಿ ಅವರಿಗೆ ಇನ್ನಿಬ್ಬರು ವಿಜ್ಞಾನಿಗಳೊಂದಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಇಲ್ಲಿಯೇ ತೊಡಕು ಇರುವುದು. ಔಷಧಿಗೆ ಒಳ್ಳೆಯ ಪ್ರೊಸ್ಟಾಗ್ಲಾಂಡಿನ್ ಯಾವುದು, ನೋವಿನದು ಯಾವುದು ಎಂಬ ಭೇದ ಚೆನ್ನಾಗಿ ತಿಳಿಯದು. ಕಳೆ ಕೀಳಲು ಹೋದ ಕೈ ಪೈರನ್ನೂ ಕಿತ್ತಂತೆ, ಮಂಡಿಯ ನೋವನ್ನು ತಡೆಯುವ ಔಷಧಿ ಜಠರದ ಹೊದಿಕೆಯನ್ನೂ ತೆಳುವಾಗಿಸುತ್ತದೆ, ಮೂತ್ರಪಿಂಡದ ರಕ್ತವನ್ನೂ ಕಡಿಮೆ ಮಾಡುತ್ತದೆ. ಅಡ್ಡಪರಿಣಾಮಗಳ ಮೂಲ ಇದು.

ಗುದದಲ್ಲಿ ಇಟ್ಟ ಗುಳಿಗೆ ಎಲ್ಲಿಗೆ ಹೋಗುತ್ತದೆ?

ಗುಳಿಗೆಯನ್ನು ಗಟ್ಟಿ ಕೊಬ್ಬಿನಂಥ ಪದಾರ್ಥದಲ್ಲಿ ಔಷಧಿ ಬೆರೆಸಿ ಅಚ್ಚು ಹಾಕಿರುತ್ತಾರೆ. ಹೆಪ್ಪುಗಟ್ಟಿದ ತುಪ್ಪ ಅಂಗೈಯ ಬಿಸಿಗೆ ಕರಗುವಂತೆ ಇದು ಮೈಯ ಬಿಸಿಗೆ ಕರಗುತ್ತದೆ. ಕರಗಿದ ಔಷಧಿಯನ್ನು ಗುದನಾಳದ ತೆಳುವಾದ ಒಳಪೊರೆ ಹೀರಿಕೊಂಡು ಅಲ್ಲಿನ ರಕ್ತನಾಳಗಳಿಗೆ ಸೇರಿಸುತ್ತದೆ. ಗುದನಾಳದ ಮೇಲ್ಭಾಗದ ರಕ್ತ ಮೊದಲು ಪಿತ್ತಜನಕಾಂಗಕ್ಕೆ ಹೋಗುತ್ತದೆ. ಕೆಳಭಾಗದ ರಕ್ತ ನೇರವಾಗಿ ದೇಹದ ಸಂಚಾರಕ್ಕೆ ಸೇರುತ್ತದೆ. ಹೇಗೆ ಹೋದರೂ ಸ್ವಲ್ಪ ಹೊತ್ತಿನಲ್ಲಿ ಔಷಧಿ ಇರುವುದು ಇಡೀ ಮೈಯ ರಕ್ತದಲ್ಲಿ. ಯಾವ ಹಳ್ಳದಿಂದ ಹರಿದು ಬಂದರೂ ನೀರು ಸೇರುವುದು ಅದೇ ಕೆರೆಗೆ ಅಲ್ಲವೇ?

ಹಾಗಾದರೆ ಈ ಗುಳಿಗೆಯಿಂದ ಅನುಕೂಲವೇ ಇಲ್ಲವೇ? ಖಂಡಿತ ಇದೆ. ವಾಂತಿಯಾಗುತ್ತಿರುವವರಿಗೆ, ಶಸ್ತ್ರಚಿಕಿತ್ಸೆಯ ನಂತರ ಬಾಯಿಂದ ಏನೂ ಕೊಡಬಾರದವರಿಗೆ, ನುಂಗಲಾಗದವರಿಗೆ ಇದು ಉತ್ತಮ ಮಾರ್ಗ. ಪಿತ್ತನಾಳದೊಳಗೆ ಕೊಳವೆ ಇಳಿಸಿ ಮಾಡುವ ಒಂದು ಬಗೆಯ ಪರೀಕ್ಷೆಯ ನಂತರ ಕೆಲವರಿಗೆ ಮೇದೋಜೀರಕ ಗ್ರಂಥಿಯ ಬಾವು ಬರುತ್ತದೆ. ಅಪಾಯ ಹೆಚ್ಚಿರುವವರಿಗೆ ಇಂಡೊಮೆಥಾಸಿನ್ ಗುಳಿಗೆಯನ್ನು ಗುದದಲ್ಲಿ ಇಟ್ಟರೆ ಈ ಬಾವು ಕಡಿಮೆಯಾಗುತ್ತದೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಇದು ರೂಢಿಯಲ್ಲಿದೆ. ವೈದ್ಯರ ಕೈಯಲ್ಲಿ, ಬೇಕಾದ ಕಡೆ, ಬೇಕಾದಷ್ಟು ದಿನ ಬಳಸಿದರೆ ಇದು ಒಳ್ಳೆಯ ಔಷಧಿಯೇ.

ಇಟ್ಟ ಜಾಗದಲ್ಲಿ ಆಗುವ ತೊಂದರೆಗಳು

ಗುಳಿಗೆ ತಾಗಿದ ಕಡೆ ಉರಿ, ನವೆ, ಒತ್ತಿ ಬಂದಂತಾಗುವುದು, ಪದೇ ಪದೇ ಮಲವಿಸರ್ಜನೆಗೆ ಹೋಗಬೇಕೆನಿಸುವುದು – ಇವು ಕೆಲವರಲ್ಲಿ ಕಂಡುಬರುತ್ತವೆ. ಒಂದೆರಡು ಬಾರಿ ಬಳಸಿದಾಗ ಇವು ತಾವಾಗಿಯೇ ಹೋಗುತ್ತವೆ. ಆದರೆ ವಾರಗಟ್ಟಲೆ, ತಿಂಗಳುಗಟ್ಟಲೆ ಇಡುತ್ತಾ ಹೋದರೆ ಗುದನಾಳದ ಒಳಪೊರೆಯಲ್ಲಿಯೇ ಬಾವು ಬಂದು ಹುಣ್ಣಾಗಬಹುದು, ರಕ್ತ ಒಸರಬಹುದು. ಹುಣ್ಣು ಮಾಯುವಾಗ ನಾಳ ಕಿರಿದಾಗಿ ಮಲ ಹೋಗುವುದೇ ಕಷ್ಟವಾದ ಪ್ರಕರಣಗಳೂ ವೈದ್ಯಶಾಸ್ತ್ರದಲ್ಲಿ ದಾಖಲಾಗಿವೆ. ಬಾವು ಇಳಿಸುವ ಔಷಧಿಯೇ ಬಾವು ತರುವುದು ವಿಚಿತ್ರವೆನಿಸಿದರೂ ನಿಜ.

ರಕ್ತ ಹೋಗುವ ಮೂಲವ್ಯಾಧಿ, ಗುದದ ಸೀಳು, ಗುದನಾಳದ ಬಾವು ಇರುವವರು ಇದನ್ನು ಬಳಸಬಾರದು. ನಾಚಿಕೆಯಿಂದ ಈ ತೊಂದರೆಗಳನ್ನು ವೈದ್ಯರಿಗೆ ಹೇಳದೆ ಇರುವವರು ಬಹಳ, ಅದರಲ್ಲೂ ಹೆಣ್ಣುಮಕ್ಕಳು. ಚೀಟಿ ಬರೆಯುವ ಮೊದಲೇ ಹೇಳಿಬಿಡುವುದು ಒಳ್ಳೆಯದು.

ದೇಹದೊಳಗೆ ಆಗುವ ತೊಂದರೆಗಳು

1. ಜಠರ ಮತ್ತು ಕರುಳು: ಮಾತ್ರೆ ನುಂಗಿದಾಗ ಅದು ಜಠರದ ಗೋಡೆಗೆ ನೇರವಾಗಿ ತಾಗುವುದುಂಟು. ಗುಳಿಗೆಯಿಂದ ಅದೊಂದು ತಪ್ಪುತ್ತದೆ. ಆದರೆ ರಕ್ತಕ್ಕೆ ಸೇರಿದ ಔಷಧಿ ಹೊದಿಕೆ ಹಾಸುವ ಪ್ರೊಸ್ಟಾಗ್ಲಾಂಡಿನ್ನನ್ನು ತಡೆಯುವುದರಿಂದ ಜಠರದ ಹುಣ್ಣು, ರಕ್ತಸ್ರಾವ ಆಗಿಯೇ ಆಗಬಹುದು. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿ ಹೋಗುವುದು, ವಾಂತಿಯಲ್ಲಿ ಕಾಫಿ ಗಸಿಯಂಥದು ಬರುವುದು ಒಳಗೆ ರಕ್ತ ಹೋಗುತ್ತಿರುವುದರ ಗುರುತು. ಹುಣ್ಣಿನ ನೋವನ್ನೂ ಈ ಔಷಧಿ ಮರೆಮಾಚಬಹುದಾದ್ದರಿಂದ ಕೆಲವರಿಗೆ ಮುನ್ಸೂಚನೆಯೇ ಇಲ್ಲದೆ ರಕ್ತಸ್ರಾವವಾಗುತ್ತದೆ.

2. ಮೂತ್ರಪಿಂಡ: ಆರೋಗ್ಯವಂತರು ಎರಡು ದಿನ ಬಳಸಿದರೆ ಸಾಮಾನ್ಯವಾಗಿ ಏನೂ ಆಗದು. ಆದರೆ ಬಿಸಿಲಲ್ಲಿ ದುಡಿದು ನೀರು ಕುಡಿಯದೆ ಮೈ ಒಣಗಿದಾಗ, ವಾಂತಿ ಭೇದಿ ಆದಾಗ ಮೂತ್ರಪಿಂಡ ನಡೆಯುವುದೇ ಪ್ರೊಸ್ಟಾಗ್ಲಾಂಡಿನ್ ಆಸರೆಯಿಂದ. ಆಗ ಈ ಔಷಧಿ ಬಿದ್ದರೆ ಮೂತ್ರ ಕಡಿಮೆಯಾಗಿ, ಕಾಲು ಮುಖ ಊದಿ, ಮೂತ್ರಪಿಂಡ ಸೋಲಬಹುದು. ರಕ್ತದೊತ್ತಡಕ್ಕೆಂದು ಕೆಲವು ಬಗೆಯ ಮಾತ್ರೆಗಳನ್ನೂ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತೆಗೆದುಕೊಳ್ಳುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಸಕ್ಕರೆ ಕಾಯಿಲೆಯವರೂ ಹಿರಿಯರೂ ಎಚ್ಚರವಾಗಿರಬೇಕು.

3. ಹೃದಯ ಮತ್ತು ರಕ್ತದೊತ್ತಡ: ಈ ಔಷಧಿಗಳು ಮೈಯಲ್ಲಿ ಉಪ್ಪು ನೀರು ನಿಲ್ಲಿಸಿ ರಕ್ತದೊತ್ತಡ ಏರಿಸುತ್ತವೆ. ಡೈಕ್ಲೊಫೆನಾಕ್ ಹೆಚ್ಚು ಪ್ರಮಾಣದಲ್ಲಿ ದೀರ್ಘಕಾಲ ಬಳಸಿದರೆ ಹೃದಯಾಘಾತ, ಪಾರ್ಶ್ವವಾಯು ಆಗುವ ಸಂಭವ ಹೆಚ್ಚುತ್ತದೆಂದು 2013ರಲ್ಲಿ ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆ ಎಚ್ಚರಿಸಿತು. ಹೃದ್ರೋಗಿಗಳಿಗೆ ಅದು ಕೂಡದೆಂದೂ ಹೇಳಿತು.

4. ಉಬ್ಬಸ ಮತ್ತು ಅಲರ್ಜಿ: ಉಬ್ಬಸವಿರುವ ಕೆಲವರಿಗೆ ಈ ಗುಂಪಿನ ಯಾವ ಔಷಧಿ ಕೊಟ್ಟರೂ ತೀವ್ರವಾದ ಉಸಿರುಕಟ್ಟು ಬರುತ್ತದೆ. ಒಮ್ಮೆ ನೋವಿನ ಮಾತ್ರೆಯಿಂದ ದದ್ದು, ತುಟಿ ಊತ, ಉಸಿರುಕಟ್ಟು ಆದವರು ಅದೇ ಗುಂಪಿನ ಗುಳಿಗೆಯನ್ನೂ ಬಳಸಬಾರದು.

5. ರಕ್ತ ಹೆಪ್ಪುಗಟ್ಟುವಿಕೆ: ಗಾಯವಾದಾಗ ರಕ್ತ ನಿಲ್ಲಿಸುವ ಕಿರುಬಿಲ್ಲೆಗಳನ್ನು, ಅಂದರೆ ಪ್ಲೇಟ್‌ಲೆಟ್‌ಗಳನ್ನು, ಈ ಔಷಧಿಗಳು ಮಂದಗೊಳಿಸುತ್ತವೆ. ಡೆಂಗಿ ಜ್ವರದಲ್ಲಿ ಅವು ಮೊದಲೇ ಕಡಿಮೆಯಾಗಿರುತ್ತವೆ. ಆದುದರಿಂದ ಮಳೆಗಾಲದ ಜ್ವರ, ಮೈಕೈ ನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಯಾವ ದಾರಿಯಿಂದಲೂ ಬೇಡ. ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಸಾಕು.

6. ಗರ್ಭಿಣಿಯರು: 20 ವಾರ ತುಂಬಿದ ನಂತರ ಈ ಔಷಧಿಗಳಿಂದ ಹೊಟ್ಟೆಯಲ್ಲಿರುವ ಮಗುವಿನ ಮೂತ್ರಪಿಂಡಕ್ಕೆ ತೊಂದರೆಯಾಗಿ, ಮಗುವಿನ ಸುತ್ತಲಿನ ನೀರು ಕಡಿಮೆಯಾಗಬಹುದೆಂದು 2020ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಚ್ಚರಿಕೆ ನೀಡಿತು. ಕೊನೆಯ 3 ತಿಂಗಳಲ್ಲಿ ಮಗುವಿನ ಹೃದಯದ ಬಳಿಯ ಒಂದು ರಕ್ತನಾಳ ಹುಟ್ಟುವ ಮೊದಲೇ ಮುಚ್ಚಿಕೊಳ್ಳುವ ಭಯವೂ ಇದೆ. ಗರ್ಭಿಣಿಗೆ ಸೊಂಟನೋವು ಬಂದರೆ ಮನೆಯಲ್ಲಿ ಉಳಿದ ಗುಳಿಗೆ ಇಡಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ.

ಲೆಕ್ಕ ತಪ್ಪುವುದು ಎಲ್ಲಿ?

ಹಾಲಿನ ಲೀಟರು, ಜಿಡ್ಡಿನಂಶ ಎರಡನ್ನೂ ಪಾಸ್‌ಬುಕ್ಕಿನಲ್ಲಿ ನೋಡಿ ತಾಳೆ ಹಾಕುವ ನಾವು ಔಷಧಿಯ ಲೆಕ್ಕವನ್ನೂ ಹಾಗೆಯೇ ಹಾಕಬೇಕು. ಈ ಉದಾಹರಣೆ ನೋಡಿ. ಒಬ್ಬರಿಗೆ ಆಸ್ಪತ್ರೆಯಲ್ಲಿ ರಾತ್ರಿ ಇಟ್ಟುಕೊಳ್ಳಲು 100 ಮಿ.ಗ್ರಾಂ. ಡೈಕ್ಲೊಫೆನಾಕ್ ಗುಳಿಗೆ ಕೊಟ್ಟಿದ್ದಾರೆ. ಅವರು ಹಗಲಿನಲ್ಲಿ ನೋವು ತಾಳಲಾರದೆ ಪೇಟೆಯ ಔಷಧಿ ಅಂಗಡಿಯಿಂದ ಮಾತ್ರೆ ತಂದು ಬೆಳಿಗ್ಗೆ ಒಂದು, ಸಂಜೆ ಒಂದು ನುಂಗುತ್ತಾರೆ. ಹೆಸರು ಬೇರೆ, ಬಣ್ಣ ಬೇರೆ. ಆದರೆ ಸಣ್ಣ ಅಕ್ಷರದಲ್ಲಿ ಬರೆದಿರುವುದು ಡೈಕ್ಲೊಫೆನಾಕ್ 50 ಮಿ.ಗ್ರಾಂ. ಎಂದು. ಒಟ್ಟು ಎಷ್ಟಾಯಿತು?

ಗುಳಿಗೆ 100, ಮಾತ್ರೆ 50 + 50. ಒಟ್ಟು 200 ಮಿ.ಗ್ರಾಂ.

ಸಾಮಾನ್ಯವಾಗಿ ದೊಡ್ಡವರಿಗೆ ದಿನಕ್ಕೆ ಎಲ್ಲ ದಾರಿಗಳೂ ಸೇರಿ ಡೈಕ್ಲೊಫೆನಾಕ್ 150 ಮಿ.ಗ್ರಾಂ. ಮೀರಬಾರದು. ಮಧ್ಯೆ ಒಂದು ಇಂಜೆಕ್ಷನ್ ಹಾಕಿಸಿಕೊಂಡರೆ ಅದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಬಾಯಿಯದು ಒಂದು ಖಾತೆ, ಗುದದ್ದು ಇನ್ನೊಂದು ಖಾತೆ ಎಂದು ದೇಹ ಬರೆದಿಡುವುದಿಲ್ಲ. ಡೈಕ್ಲೊಫೆನಾಕ್ ಗುಳಿಗೆಯ ಜೊತೆಗೆ ಐಬುಪ್ರೊಫೆನ್ ಅಥವಾ ಅಸೆಕ್ಲೊಫೆನಾಕ್ ಮಾತ್ರೆ ನುಂಗುವುದೂ ತಪ್ಪೇ. ಹೆಸರು ಬೇರೆಯಾದರೂ ಗುಂಪು ಒಂದೇ. ನೋವು ಇಳಿಯುವುದು ಅಷ್ಟೇ, ಹುಣ್ಣಿನ ಅಪಾಯ ಮಾತ್ರ ಹೆಚ್ಚುತ್ತದೆ.

ಪ್ಯಾರಾಸಿಟಮಾಲ್ ಗುಳಿಗೆಗಳೂ ಇವೆ. ಮಕ್ಕಳ ಜ್ವರಕ್ಕೆ ಕೊಡುತ್ತಾರೆ. ಇದು ಬೇರೆ ಔಷಧಿ. ನೋಡಲು ಎರಡೂ ಒಂದೇ ರೀತಿ ಇರುವುದರಿಂದ ಅದಲುಬದಲಾಗದಂತೆ ಅವುಗಳ ಪೆಟ್ಟಿಗೆಯಲ್ಲಿಯೇ ಇಡಿ. ಪ್ಯಾರಾಸಿಟಮಾಲ್ ಮಿತಿ ಮೀರಿದರೆ ಪಿತ್ತಜನಕಾಂಗಕ್ಕೆ ಪೆಟ್ಟು. ಗುಳಿಗೆ ಇಟ್ಟು ಮೇಲಿಂದ ಸಿರಪ್ ಕುಡಿಸಿದರೆ ಅಲ್ಲಿಯೂ ಲೆಕ್ಕ ಎರಡಾಗುತ್ತದೆ.

ಬಳಸುವ ಕ್ರಮ

ವೈದ್ಯರು ಬರೆದುಕೊಟ್ಟಿದ್ದರೆ ಈ ಕ್ರಮ ಅನುಸರಿಸಿ.

– ಮಲವಿಸರ್ಜನೆ ಮುಗಿಸಿ, ಕೈಯನ್ನು ಸೋಪಿನಿಂದ ತೊಳೆದುಕೊಳ್ಳಿ.
– ಗುಳಿಗೆ ಮೆತ್ತಗಾಗಿದ್ದರೆ ಹೊದಿಕೆ ಬಿಚ್ಚದೆ ಸ್ವಲ್ಪ ಹೊತ್ತು ತಣ್ಣೀರಿನಲ್ಲಿಡಿ. ಗಟ್ಟಿಯಾದ ಮೇಲೆ ಹೊದಿಕೆಯನ್ನು ಪೂರ್ತಿ ತೆಗೆಯಿರಿ. ಹೊದಿಕೆ ಸಮೇತ ಇಟ್ಟು ಗಾಯ ಮಾಡಿಕೊಂಡವರುಂಟು.
– ಎಡಮಗ್ಗುಲಾಗಿ ಮಲಗಿ ಮೊಣಕಾಲು ಮಡಚಿ ನಿಧಾನವಾಗಿ ಒಳಗೆ ಸೇರಿಸಿ. ಹದಿನೈದು ನಿಮಿಷವಾದರೂ ಹಾಗೆಯೇ ಮಲಗಿರಿ.
– ಮತ್ತೆ ಕೈ ತೊಳೆಯಿರಿ. ಕೆಚ್ಚಲು ಮುಟ್ಟುವ, ಹಾಲಿನ ಪಾತ್ರೆ ಹಿಡಿಯುವ ಕೈ ಅದು. ನೋವಿನ ಮುಲಾಮು ಹಚ್ಚಿಕೊಂಡ ಮೇಲೂ ಇದೇ ನಿಯಮ.
– ಬಿಸಿಲು ಬೀಳದ ತಂಪು ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಗುಳಿಗೆಯನ್ನು ನುಂಗಬಾರದು.
– ಬರೆದಷ್ಟು ದಿನ ಮಾತ್ರ ಬಳಸಿ. ಉಳಿದುದನ್ನು ನೆರೆಮನೆಯವರಿಗೆ ಕೊಡಬೇಡಿ.

ಕಪ್ಪು ಮಲ, ರಕ್ತವಾಂತಿ, ಎದೆನೋವು, ಉಸಿರುಕಟ್ಟು, ಮುಖದ ಊತ, ಮೂತ್ರ ತೀರಾ ಕಡಿಮೆಯಾಗುವುದು – ಇವುಗಳಲ್ಲಿ ಒಂದು ಕಂಡರೂ ಔಷಧಿ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ. ಅಗತ್ಯವಿದ್ದರೆ 108ಕ್ಕೆ ಕರೆ ಮಾಡಿ. ಬಳಸಿದ ಔಷಧಿಯ ಪೆಟ್ಟಿಗೆಯನ್ನು ಜೊತೆಯಲ್ಲಿ ಒಯ್ಯಿರಿ.

ಮನೆಯ ಗುಳಿಗೆ ಕೊಟ್ಟಿಗೆಗೆ ಬೇಡ

ಮನೆಯಲ್ಲಿ ಉಳಿದ ಔಷಧಿಯನ್ನು ರಾಸಿಗೆ ಕೊಟ್ಟು ನೋಡುವ ಅಭ್ಯಾಸ ನಮ್ಮಲ್ಲಿ ಇದೆ. ಕಸ ಬೀಳದ ಹಸುವಿನ ಗರ್ಭಕೋಶದಲ್ಲಿ ಪಶುವೈದ್ಯರು ಗುಳಿಗೆ ಇಡುವುದನ್ನು ನೋಡಿರುವ ನಮಗೆ, ಕುಂಟುವ ಕರುವಿನ ಗುದದಲ್ಲಿ ಒಂದು ನೋವಿನ ಗುಳಿಗೆ ಇಟ್ಟರೇನು ಎಂದು ಅನ್ನಿಸಬಹುದು. ಇದು ಎರಡು ಕಾರಣಗಳಿಂದ ತಪ್ಪು.

ಮೊದಲನೆಯದು ಕಾನೂನು. ಡೈಕ್ಲೊಫೆನಾಕನ್ನು ಪಶುಗಳಿಗೆಂದು ತಯಾರಿಸುವುದನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2006ರಲ್ಲಿ ಕ್ರಮ ಕೈಗೊಂಡಿತು. 2008ರಲ್ಲಿ ಗೆಜೆಟ್ ಅಧಿಸೂಚನೆಯ ಮೂಲಕ ನಿಷೇಧವನ್ನು ಬಿಗಿಗೊಳಿಸಿತು. ಆದರೂ ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಗಳ ಇಂಜೆಕ್ಷನ್ನನ್ನು ರಾಸುಗಳಿಗೆ ಚುಚ್ಚುವುದು ನಡೆದೇ ಇತ್ತು. ಅದಕ್ಕಾಗಿ 2015ರಲ್ಲಿ ಮನುಷ್ಯರ ಇಂಜೆಕ್ಷನ್ನನ್ನು ಒಂದು ಬಾರಿಗೆ ಸಾಕಾಗುವ 3 ಮಿ.ಲೀ. ಬಾಟಲಿಗೆ ಸೀಮಿತಗೊಳಿಸಲಾಯಿತು. 2023ರ ಜುಲೈನಲ್ಲಿ ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫೆನಾಕ್, 2024ರ ಡಿಸೆಂಬರ್ ಕೊನೆಯಲ್ಲಿ ನಿಮೆಸುಲೈಡ್ ಸಹ ಪಶುಗಳ ಬಳಕೆಗೆ ನಿಷೇಧವಾದವು.

ಕಾರಣ ರಣಹದ್ದುಗಳು. ಹಿಂದೆ ಊರಾಚೆ ಸತ್ತ ದನ ಎಳೆದು ಹಾಕಿದರೆ ಹದ್ದುಗಳ ಹಿಂಡು ಇಳಿದು ಕೆಲವೇ ಗಂಟೆಗಳಲ್ಲಿ ಮೂಳೆ ಮಾತ್ರ ಉಳಿಸುತ್ತಿದ್ದುದನ್ನು ನಮ್ಮ ಹಿರಿಯರು ಕಂಡಿದ್ದಾರೆ. 1990ರ ದಶಕದಿಂದ ಅವು ಕಾಣೆಯಾಗತೊಡಗಿದವು. ಬಿಳಿ ಬೆನ್ನಿನ ರಣಹದ್ದುಗಳು ಭಾರತದಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಅಳಿದವು. ಕಾರಣ 2004ರಲ್ಲಿ ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯಿಂದ ಹೊರಬಿತ್ತು: ಡೈಕ್ಲೊಫೆನಾಕ್ ಕೊಟ್ಟ ಕೆಲವೇ ದಿನಗಳಲ್ಲಿ ಸತ್ತ ದನದ ಮಾಂಸ ತಿಂದ ಹದ್ದುಗಳ ಮೂತ್ರಪಿಂಡ ಸೋತು ಅವು ಸಾಯುತ್ತಿದ್ದವು. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಮಾರಕ ಮಟ್ಟದ ಔಷಧಿ ಇದ್ದರೂ ಇಡೀ ಸಂತತಿ ಕುಸಿಯಲು ಸಾಕು ಎಂದು ಲೆಕ್ಕ ಹಾಕಲಾಯಿತು. ಅಸೆಕ್ಲೊಫೆನಾಕ್ ದನದ ದೇಹದಲ್ಲಿ ಬೇಗನೆ ಡೈಕ್ಲೊಫೆನಾಕ್ ಆಗಿ ಬದಲಾಗುತ್ತದೆಂದು 2016ರಲ್ಲಿ ತಿಳಿದುಬಂತು.

ನಮ್ಮ ರಾಜ್ಯದಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಉಳಿದಿರುವ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಯಿತು. ಸರ್ಕಾರ ಬೆಟ್ಟಕ್ಕೆ ಬೇಲಿ ಹಾಕಬಹುದು. ಹದ್ದು ಎಲ್ಲಿ ಇಳಿದು ತಿನ್ನಬೇಕೆಂಬುದಕ್ಕೆ ಬೇಲಿ ಹಾಕಲಾಗದು. ಅದರ ಊಟ ನಮ್ಮ ಕೊಟ್ಟಿಗೆಯಿಂದ ಹೋಗುತ್ತದೆ. ಮೂತ್ರಪಿಂಡದ ಮೇಲೆ ಈ ಔಷಧಿ ಮಾಡುವ ಕೆಲಸವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಉದಾಹರಣೆ ಬೇರೆ ಇಲ್ಲವೆಂದೇ ಹೇಳಬಹುದು. ಔಷಧಿ ಕೊಟ್ಟ ರಾಸು ಸತ್ತರೆ ಬಯಲಿಗೆ ಎಸೆಯದೆ ಆಳವಾದ ಗುಂಡಿ ತೆಗೆದು ಹೂಳಬೇಕು.

ಎರಡನೆಯದು ರಾಸಿನ ಆರೋಗ್ಯ. ಮನುಷ್ಯರಿಗೆ ಹೇಳಿದ ಅಡ್ಡಪರಿಣಾಮಗಳೇ ಅವಕ್ಕೂ ಅನ್ವಯಿಸುತ್ತವೆ. ಹಸುವಿನ ನಾಲ್ಕನೆಯ ಹೊಟ್ಟೆ ನಮ್ಮ ಜಠರದಂತೆಯೇ ಹುಳಿರಸ ಸುರಿಸುತ್ತದೆ, ಅಲ್ಲಿ ಹುಣ್ಣಾಗಬಹುದು. ಕರುಗಳಿಗೆ ಈ ಭಯ ಹೆಚ್ಚು. ಭೇದಿಯಿಂದ ಬಸವಳಿದ ಕರುವಿಗೆ ನೀರು, ಉಪ್ಪು, ಸಕ್ಕರೆಯ ಆರೈಕೆ ಮಾಡದೆ ನೋವಿನ ಔಷಧಿ ಕೊಟ್ಟರೆ ಮೂತ್ರಪಿಂಡಕ್ಕೆ ಪೆಟ್ಟು. ಕರು ಹಾಕುವುದಕ್ಕೂ ಕಸ ಬೀಳುವುದಕ್ಕೂ ಪ್ರೊಸ್ಟಾಗ್ಲಾಂಡಿನ್ ಬೇಕು. ಆ ಹೊತ್ತಿನಲ್ಲಿ ಈ ಗುಂಪಿನ ಕೆಲವು ಔಷಧಿ ಕೊಟ್ಟರೆ ಕಸ ನಿಂತುಬಿಡುವ ಸಂಭವ ಹೆಚ್ಚುತ್ತದೆ. ಇದರ ಜೊತೆಗೆ ಸ್ಟಿರಾಯ್ಡ್ ಇಂಜೆಕ್ಷನ್ನನ್ನೂ ಕೊಡಿಸಿದರೆ ಹುಣ್ಣಿನ ಅಪಾಯ ಇನ್ನಷ್ಟು. ತುಂಬು ಗಬ್ಬದ ಹಸುವಿಗೆ ಸ್ಟಿರಾಯ್ಡ್ ಕೊಟ್ಟರೆ ಕಂದು ಹಾಕಲೂಬಹುದು.

ಇನ್ನೊಂದು ಮಾತು. ನೋವಿನ ಔಷಧಿ ಜ್ವರ ಇಳಿಸಿ, ಹಸು ಮೇವಿಗೆ ಬಾಯಿ ಹಾಕುವಂತೆ ಮಾಡುತ್ತದೆ. ಆಗ ರೋಗ ವಾಸಿಯಾಯಿತೆಂದು ನಾವು ತಿಳಿಯುತ್ತೇವೆ. ಆದರೆ ಕೆಚ್ಚಲಿನ ಸೋಂಕು ಹಾಗೆಯೇ ಇರುತ್ತದೆ; ಹೊಟ್ಟೆಯಲ್ಲಿ ಸಿಕ್ಕಿದ ತಂತಿ ಮುಂದೆ ಸರಿಯುತ್ತಲೇ ಇರುತ್ತದೆ. ಗಂಟೆ ಬಾರಿಸುವುದು ನಿಂತರೆ ಬೆಂಕಿ ಆರಿದಂತಲ್ಲ.

ಬಾವು ಇಳಿಸಬೇಕಾದಾಗ ಪಶುವೈದ್ಯರು ಮೆಲಾಕ್ಸಿಕಾಮ್, ಟೋಲ್ಫೆನಾಮಿಕ್ ಆಸಿಡ್ ಮುಂತಾದವನ್ನು ಬಳಸುತ್ತಾರೆ. ಈ ಎರಡೂ ರಣಹದ್ದುಗಳಿಗೆ ಅಪಾಯವಿಲ್ಲವೆಂದು ಪರೀಕ್ಷೆಗಳಲ್ಲಿ ತಿಳಿದಿದೆ. ಎಷ್ಟು, ಎಷ್ಟು ದಿನ ಎಂಬುದು ರಾಸಿನ ತೂಕ ಮತ್ತು ಸ್ಥಿತಿ ನೋಡಿ ಅವರೇ ನಿರ್ಧರಿಸಬೇಕು. ಪಶು ಆಸ್ಪತ್ರೆ ದೂರವಿದ್ದರೆ 1962 ಸಂಖ್ಯೆಗೆ ಕರೆ ಮಾಡಿ.

ಹಾಲಿನ ಮಾತು

ರಾಸಿನ ರಕ್ತಕ್ಕೆ ಸೇರಿದ ಔಷಧಿಯ ಅಂಶ ಹಾಲಿಗೂ ಬರಬಹುದು. ಆದುದರಿಂದಲೇ ಆಹಾರ ಕೊಡುವ ಪ್ರಾಣಿಗಳ ಔಷಧಿಯ ಮೇಲೆ, ಕೊನೆಯ ಬಾರಿ ಕೊಟ್ಟ ನಂತರ ಎಷ್ಟು ದಿನ ಹಾಲು, ಮಾಂಸ ಬಳಸಬಾರದು ಎಂದು ಬರೆದಿರಬೇಕೆಂದು 2012ರಲ್ಲಿ ಔಷಧಿ ನಿಯಮಗಳಿಗೆ ತಿದ್ದುಪಡಿ ತರಲಾಯಿತು. ಆ ಔಷಧಿಗೆಂದೇ ಪರೀಕ್ಷಿಸಿ ಗೊತ್ತುಮಾಡಿದ ಅವಧಿ ಇಲ್ಲದಿದ್ದರೆ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ.

7 ದಿನದ ಹಾಲು ಚೆಲ್ಲುವುದು ಸಣ್ಣ ನಷ್ಟವಲ್ಲ. ಬಟವಾಡೆಯಲ್ಲಿ ಅದು ಎದ್ದು ಕಾಣುತ್ತದೆ. ಅದಕ್ಕೇ ಔಷಧಿ ಕೊಡಿಸುವ ಮೊದಲೇ "ಹಾಲು ಎಷ್ಟು ದಿನ ಹಾಕಬಾರದು? ಕಡಿಮೆ ದಿನದ ಔಷಧಿ ಇದೆಯೇ?" ಎಂದು ಪಶುವೈದ್ಯರನ್ನು ಕೇಳಿ. ಔಷಧಿಯ ಹೆಸರು, ಕೊಟ್ಟ ದಿನ ಬರೆದಿಡಿ, ಸಂಘದ ಕಾರ್ಯದರ್ಶಿಗೆ ತಿಳಿಸಿ. ಒಬ್ಬರ ಕ್ಯಾನಿನ ಹಾಲು ಶೀತಲೀಕರಣದ ತೊಟ್ಟಿಗೆ ಬಿದ್ದ ಮೇಲೆ ಅದನ್ನು ಬೇರ್ಪಡಿಸುವವರಿಲ್ಲ. ಆ ಹಾಲು ಯಾರದೋ ಮನೆಯ ಬಾಣಂತಿಗೆ, ಮೂತ್ರಪಿಂಡದ ರೋಗಿಗೆ, ಮಗುವಿಗೆ ತಲುಪುತ್ತದೆ.

ನೆನಪಿನಲ್ಲಿಡಿ

1. ಬಾಯಿ, ಗುದ, ಸೂಜಿ – ದಾರಿ ಯಾವುದಾದರೂ ಔಷಧಿ ಸೇರುವುದು ರಕ್ತಕ್ಕೆ.
2. ಗುಳಿಗೆ, ಮಾತ್ರೆ, ಇಂಜೆಕ್ಷನ್ ಎಲ್ಲ ಕೂಡಿಸಿ ದಿನದ ಲೆಕ್ಕ ಹಾಕಿ.
3. ಒಂದೇ ಗುಂಪಿನ ಎರಡು ಔಷಧಿ ಒಟ್ಟಿಗೆ ಬೇಡ.
4. ಹುಣ್ಣು, ಮೂಲವ್ಯಾಧಿ, ಉಬ್ಬಸ, ಹೃದಯ ಮತ್ತು ಮೂತ್ರಪಿಂಡದ ಕಾಯಿಲೆ, ಬಸಿರು – ಇವುಗಳನ್ನು ವೈದ್ಯರಿಗೆ ಮುಚ್ಚಿಡಬೇಡಿ.
5. ಮನೆಯ ಔಷಧಿ ಮನೆಗೆ, ಕೊಟ್ಟಿಗೆಯ ಔಷಧಿ ಕೊಟ್ಟಿಗೆಗೆ.

ಸಂಘದ ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ಗುದದಲ್ಲಿ ಇಟ್ಟ ಗುಳಿಗೆಯಿಂದ ಜಠರದಲ್ಲಿ ಹುಣ್ಣಾಗುವುದು ಹೇಗೆ?
2. ಬಿಸಿಲಿನಲ್ಲಿ ದುಡಿದು ಬಂದವರು ನೀರು ಕುಡಿಯದೆ ನೋವಿನ ಔಷಧಿ ಬಳಸಿದರೆ ಯಾವ ಅಂಗಕ್ಕೆ ಅಪಾಯ?
3. ಮಳೆಗಾಲದ ಜ್ವರಕ್ಕೆ ಡೈಕ್ಲೊಫೆನಾಕ್ ಏಕೆ ಕೂಡದು?
4. ಪಶುಗಳಿಗೆ ನಿಷೇಧವಾಗಿರುವ ನೋವಿನ ಔಷಧಿಗಳು ಯಾವುವು?
5. ಔಷಧಿಗೆಂದೇ ಗೊತ್ತುಮಾಡಿದ ಅವಧಿ ಇಲ್ಲದಿದ್ದರೆ ಎಷ್ಟು ದಿನ ಹಾಲು ಹಾಕಬಾರದು?

ಓದಲು ಬಾರದ ಹಿರಿಯರಿಗೆ ಈ ಪಾಠವನ್ನು ಓದಿ ಹೇಳಿರಿ. ಇಂದು ಸಂಜೆಯೇ ಮನೆಯ ಔಷಧಿ ಡಬ್ಬಿ ತೆಗೆದು, ಅದರಲ್ಲಿರುವ ಪ್ರತಿಯೊಂದು ಪಟ್ಟಿಯ ಸಣ್ಣ ಅಕ್ಷರವನ್ನು ಓದಿ ನೋಡಿ. ಅವಧಿ ಮೀರಿದವನ್ನೂ ಯಾರಿಗೆ ಬರೆದದ್ದೆಂದು ತಿಳಿಯದವನ್ನೂ ಬೇರೆ ತೆಗೆದಿಡಿ. ಮುಂದಿನ ಬಾರಿ ಆಸ್ಪತ್ರೆಗೆ ಹೋದಾಗ ಅಲ್ಲಿನ ಔಷಧಿ ವಿತರಕರಿಗೆ ತೋರಿಸಿ ಕೇಳಿ.